ಹಲ್ಲು ಹೋದ ಜಾಗಕ್ಕೆ ಹೊಸ ಬೇರು: ಡೆಂಟಲ್ ಇಂಪ್ಲಾಂಟ್ ಹೇಗೆ ನಿಲ್ಲುತ್ತದೆ?

ದವಡೆ ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆಲವು ದಿನ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ. ಕೂತರೂ ನಿಂತರೂ ಆ ಖಾಲಿ ಜಾಗಕ್ಕೇ ಹೋಗುತ್ತದೆ. ಆಮೇಲೆ ಗಾಯ ಮಾಯುತ್ತದೆ. ಇನ್ನೊಂದು ಬದಿಯಲ್ಲಿ ಅಗಿಯುವುದು ರೂಢಿಯಾಗುತ್ತದೆ. ಹಿಂದಿನ ಹಲ್ಲು ತಾನೇ, ಯಾರಿಗೆ ಕಾಣುತ್ತೆ ಅಂತ ಬಿಟ್ಟುಬಿಡುತ್ತೇವೆ. ನಾನೂ ಎರಡು ವರ್ಷ ಹಾಗೇ ಬಿಟ್ಟಿದ್ದೆ. ಒಂದು ದಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಂಪ್ಲಾಂಟ್ ಹಾಕಬಹುದು. ಆದರೆ ಇಲ್ಲಿ ಮೂಳೆ ಇಳಿದಿದೆ ನೋಡಿ" ಅಂದರು. ಅಕ್ಕಪಕ್ಕದ ಹಲ್ಲುಗಳ ಬುಡದಲ್ಲಿ ಮೂಳೆಯ ಗೆರೆ ಎತ್ತರದಲ್ಲಿತ್ತು. ಹಲ್ಲಿಲ್ಲದ ಕಡೆ ಅದೇ ಗೆರೆ ತಟ್ಟೆಯ ಹಾಗೆ ತಗ್ಗಿತ್ತು.

ಇಂಪ್ಲಾಂಟ್ ವಿಷಯ ಅರ್ಥವಾಗಬೇಕಾದರೆ ಆ ತಗ್ಗಿನಿಂದಲೇ ಶುರು ಮಾಡಬೇಕು.

ಹಲ್ಲಿನ ಜೊತೆ ಮೂಳೆಯೂ ಹೋಗುತ್ತದೆ

ನಮಗೆ ಕಾಣುವ ಹಲ್ಲು ಅರ್ಧ ಮಾತ್ರ. ಉಳಿದದ್ದು ಬೇರು. ಅದು ಒಸಡಿನ ಕೆಳಗೆ, ದವಡೆಯ ಮೂಳೆಯೊಳಗಿನ ಗುಳಿಯಲ್ಲಿ ಕೂತಿರುತ್ತದೆ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಗಳ ಪದರ ಇದೆ. ಸಾವಿರಾರು ಸಣ್ಣ ಹಗ್ಗಗಳಿಂದ ತೂಗುಹಾಕಿದ ತೊಟ್ಟಿಲು ಅಂದುಕೊಳ್ಳಿ. ನಾವು ಅಗಿದಾಗಲೆಲ್ಲ ಹಲ್ಲು ಕೂದಲೆಳೆಯಷ್ಟು ಒಳಗೆ ಇಳಿದು ಮತ್ತೆ ಮೇಲೆ ಬರುತ್ತದೆ. ಆಗ ಆ ಹಗ್ಗಗಳು ಮೂಳೆಯನ್ನು ಎಳೆಯುತ್ತವೆ.

ಮೂಳೆಗೆ ಈ ಎಳೆತ ಬೇಕು. ಮೂಳೆ ಕಲ್ಲಿನ ಹಾಗೆ ಒಮ್ಮೆ ಆಗಿ ನಿಂತುಬಿಡುವ ವಸ್ತು ಅಲ್ಲ. ಅದರೊಳಗೆ ಹಳೆಯದನ್ನು ಕೆಡವುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳೂ ಇವೆ. ಕೆಲಸ ಇರುವ ಕಡೆ ದೇಹ ಕಟ್ಟುತ್ತದೆ. ಕೆಲಸ ಇಲ್ಲದ ಕಡೆ ಕೆಡವಿ, ಸಾಮಾನನ್ನು ಬೇರೆ ಕಡೆಗೆ ಒಯ್ಯುತ್ತದೆ. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿದ ಕೈ ಸಣಕಲಾಗುತ್ತದಲ್ವಾ? ಹಲ್ಲು ಕಿತ್ತ ಜಾಗದ ಮೂಳೆಯ ಕಥೆಯೂ ಹೆಚ್ಚುಕಡಿಮೆ ಅದೇ.

ಈ ಸವೆತ ಶುರುವಿನಲ್ಲೇ ಜಾಸ್ತಿ. ಮೊದಲ ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಆಮೇಲೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಹಲ್ಲೆಲ್ಲ ಉದುರಿ ಬಹಳ ವರ್ಷ ಕಳೆದವರ ಕೆನ್ನೆ ಒಳಸೇರುವುದು, ಗಲ್ಲ ಮೂಗಿನ ಹತ್ತಿರ ಬಂದ ಹಾಗೆ ಕಾಣುವುದು ಇದರಿಂದಲೇ. ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತೇವೆ.

ಅಕ್ಕಪಕ್ಕದ ಹಲ್ಲುಗಳೂ ಸುಮ್ನೆ ಇರುವುದಿಲ್ಲ. ಪಕ್ಕದ್ದು ನಿಧಾನವಾಗಿ ಖಾಲಿ ಜಾಗದ ಕಡೆ ವಾಲುತ್ತದೆ. ಎದುರು ದವಡೆಯ ಹಲ್ಲಿಗೆ ತಾಗಲು ಜೋಡಿ ಇಲ್ಲದೆ, ಅದು ತನ್ನ ಗುಳಿಯಿಂದ ಹೊರಗೆ ಇಳಿಯತೊಡಗುತ್ತದೆ. ಇದೆಲ್ಲ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಆದರೆ ಆದವರಿಗೆ ಒಂದು ಹಲ್ಲಿನ ತೊಂದರೆ ಮೂರು ಹಲ್ಲಿನ ತೊಂದರೆಯಾಗುತ್ತದೆ.

ಇಂಪ್ಲಾಂಟ್ ಅಂದರೆ ಯಾವ ಭಾಗ?

ಇಂಪ್ಲಾಂಟ್ ಅಂದರೆ ಕೃತಕ ಹಲ್ಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದು ಕೃತಕ ಬೇರು. ಹಲ್ಲು ಆಮೇಲೆ ಅದರ ಮೇಲೆ ಬಂದು ಕೂರುತ್ತದೆ.

ಒಟ್ಟು ಮೂರು ತುಂಡು. ಮೂಳೆಯೊಳಗೆ ಹೋಗುವ ಟೈಟಾನಿಯಂ ಸ್ಕ್ರೂ ಮೊದಲನೆಯದು. ಇದೇ ಇಂಪ್ಲಾಂಟ್. ಅದರ ತಲೆಗೆ ಜೋಡಿಸಿ, ಒಸಡು ದಾಟಿ ಮೇಲೆ ಬರುವ ಗೂಟದಂಥ ತುಂಡಿಗೆ ಅಬಟ್‌ಮೆಂಟ್ ಅನ್ನುತ್ತಾರೆ. ಆ ಗೂಟದ ಮೇಲೆ ಕೂರುವ, ಕನ್ನಡಿಯಲ್ಲಿ ಕಾಣುವ ಹಲ್ಲಿನ ಆಕಾರದ ಟೋಪಿ ಮೂರನೆಯದು. ಅದು ಕ್ರೌನ್, ಆಡುಮಾತಿನಲ್ಲಿ ಕ್ಯಾಪ್.

ಡಾಕ್ಟರು ಒಂದು ಮಾದರಿ ಸ್ಕ್ರೂ ತೆಗೆದು ನನ್ನ ಅಂಗೈಗೆ ಹಾಕಿದರು. ಉದ್ದ 1 ಸೆಂಟಿಮೀಟರ್, ದಪ್ಪ 4 ಮಿಲಿಮೀಟರ್. ಎಷ್ಟು ಹಗುರ ಅಂದರೆ ಕಣ್ಣು ಮುಚ್ಚಿದರೆ ಕೈಯಲ್ಲಿ ಏನಾದರೂ ಇದೆಯೇ ಅನ್ನಿಸುತ್ತದೆ. ನಾನು ಸ್ಟೀಲಿನ ಹಾಗೆ ಫಳಫಳ ಹೊಳೆಯುತ್ತದೆ ಅಂದುಕೊಂಡಿದ್ದೆ. ಅದು ಬೂದಿ ಬಣ್ಣಕ್ಕೆ ಮಂಕಾಗಿತ್ತು. ಬೇಕಂತಲೇ ಹಾಗೆ ಮಾಡಿರುತ್ತಾರೆ. ಸಣ್ಣ ಕಣಗಳನ್ನು ರಭಸವಾಗಿ ಚಿಮ್ಮಿಸಿ, ಆಸಿಡ್‌ನಲ್ಲಿ ಅದ್ದಿ, ಮೇಲ್ಮೈಯನ್ನು ಒರಟು ಮಾಡುತ್ತಾರೆ. ನುಣುಪು ಗೋಡೆಗಿಂತ ಒರಟು ಗೋಡೆಗೆ ಗಾರೆ ಚೆನ್ನಾಗಿ ಹಿಡಿಯುವ ಹಾಗೆ, ಈ ಒರಟಿಗೆ ಮೂಳೆ ಚೆನ್ನಾಗಿ ಹಿಡಿಯುತ್ತದೆ.

ಟೈಟಾನಿಯಂ ಯಾಕೆ? ಮೊಲದ ಕಾಲಿನಿಂದ ಶುರುವಾದ ಕಥೆ

ಹೋದ ಹಲ್ಲಿನ ಜಾಗಕ್ಕೆ ಏನಾದರೂ ನೆಡಬೇಕು ಅನ್ನುವ ಆಸೆ ಹಳೆಯದು. 1931ರಲ್ಲಿ ಹೊಂಡುರಾಸ್‌ನಲ್ಲಿ ಮಾಯಾ ಕಾಲದ ಒಂದು ಕೆಳದವಡೆ ಸಿಕ್ಕಿತು. ಅದರ ಮುಂದಿನ ಹಲ್ಲುಗಳ ಜಾಗದಲ್ಲಿ ಹಲ್ಲಿನಾಕಾರಕ್ಕೆ ಕೆತ್ತಿದ ಚಿಪ್ಪಿನ ತುಂಡುಗಳಿದ್ದವು. ಆಮೇಲೆ ಚಿನ್ನ, ಪ್ಲಾಟಿನಂ ಹೀಗೆ ಹಲವು ಲೋಹಗಳನ್ನು ಜನ ನೆಟ್ಟು ನೋಡಿದರು. ಹೆಚ್ಚಿನವು ಅಲ್ಲಾಡಿ, ಕೀವಾಗಿ, ಹೊರಬಂದವು.

ಯಾಕೆ ಹಾಗೆ? ದೇಹದೊಳಗೆ ಹೊರಗಿನ ವಸ್ತು ಏನೇ ಹೊಕ್ಕರೂ ದೇಹ ಅದರ ಸುತ್ತ ಮೆತ್ತನೆಯ ನಾರಿನ ಚೀಲ ಕಟ್ಟಿ ಅದನ್ನು ದೂರ ಇಡಲು ನೋಡುತ್ತದೆ. ಆ ಚೀಲ ಮೆತ್ತಗಿರುವುದರಿಂದ ಒಳಗಿನದು ಅಲ್ಲಾಡುತ್ತದೆ. ಅಲ್ಲಾಡುವುದರ ಮೇಲೆ ಹಲ್ಲು ಕೂರಿಸಿ ಅಗಿಯುವುದು ಹೇಗೆ?

ಉತ್ತರ ಸಿಕ್ಕಿದ್ದು ಬೇರೇನೋ ಹುಡುಕುವಾಗ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ, ಗಾಯ ಹೇಗೆ ಮಾಯುತ್ತದೆ ಅಂತ ನೋಡುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಪುಟ್ಟ ಕೊಳವೆಯಂಥ ಸಾಧನ ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ಒಳಗೆ ಇಣುಕುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಆ ಸಾಧನವನ್ನು ತೆಗೆದು ಮತ್ತೆ ಬಳಸಬೇಕಿತ್ತು. ತೆಗೆಯಲು ಹೋದರೆ ಬರಲೇ ಇಲ್ಲ. ನಡುವೆ ನಾರಿನ ಚೀಲ ಇರಲಿಲ್ಲ. ಮೂಳೆ ನೇರವಾಗಿ ಲೋಹವನ್ನೇ ಅಪ್ಪಿಕೊಂಡು ಬೆಳೆದಿತ್ತು.

ಈ ಬೆಸುಗೆಗೆ ಅವರು ಆಸಿಯೋಇಂಟಿಗ್ರೇಷನ್ ಅಂತ ಹೆಸರಿಟ್ಟರು. ಮೂಳೆಯೂ ಲೋಹವೂ ನಡುವೆ ಯಾರಿಲ್ಲದೆ ಒಂದಾಗುವುದು ಅಂತ ಅರ್ಥ. ಅದರ ಗುಟ್ಟು ಟೈಟಾನಿಯಂನ ಮೈಮೇಲಿದೆ. ಗಾಳಿ ತಾಗಿದ ಕೂಡಲೇ ಈ ಲೋಹದ ಮೇಲೆ ಆಕ್ಸೈಡಿನ ಅತಿ ತೆಳು ಪದರ ಕಟ್ಟಿಕೊಳ್ಳುತ್ತದೆ. ಕಬ್ಬಿಣಕ್ಕೆ ಗಾಳಿ, ತೇವ ತಾಗಿದರೆ ತುಕ್ಕು ಬಂದು ಪುಡಿಯಾಗುತ್ತದೆ. ಟೈಟಾನಿಯಂನ ಪದರ ಪುಡಿಯಾಗದೆ ಗಟ್ಟಿ ಕವಚವಾಗಿ ನಿಲ್ಲುತ್ತದೆ. ಗೀರು ಬಿದ್ದರೂ ಆ ಕ್ಷಣವೇ ಮತ್ತೆ ಕಟ್ಟಿಕೊಳ್ಳುತ್ತದೆ. ದೇಹಕ್ಕೆ ತಾಗುವುದು ಈ ಕವಚ. ಅದರ ಮೇಲೆ ದೇಹ ಜಗಳ ಕಾಯುವುದಿಲ್ಲ.

1965ರಲ್ಲಿ ಯೋಸ್ಟ ಲಾರ್ಸನ್ ಅನ್ನುವವರಿಗೆ ಬ್ರೋನೆಮಾರ್ಕ್ ಮೊದಲ ಬಾರಿ ಇಂಪ್ಲಾಂಟ್ ಹಾಕಿದರು. ಲಾರ್ಸನ್ ಅವರಿಗೆ ಹುಟ್ಟಿನಿಂದಲೇ ದವಡೆಯ ತೊಂದರೆ ಇತ್ತು. ಕೆಳಗಡೆ ಹಲ್ಲು ಇರಲಿಲ್ಲ. ಅವರು 2006ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ, ಅಂದರೆ 40 ವರ್ಷಕ್ಕಿಂತ ಜಾಸ್ತಿ, ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು. ವೈದ್ಯರ ಲೋಕ ಮಾತ್ರ ಬಹಳ ಕಾಲ ಇದನ್ನು ನಂಬಲಿಲ್ಲ. 1982ರಲ್ಲಿ ಟೊರಾಂಟೊದ ಸಭೆಯಲ್ಲಿ ವರ್ಷಗಟ್ಟಲೆಯ ದಾಖಲೆಗಳನ್ನು ಮುಂದಿಟ್ಟ ಮೇಲೆಯೇ ಇದು ಎಲ್ಲ ಕಡೆ ಹರಡಿದ್ದು.

ಹಾಕುವ ದಿನ ಏನಾಗುತ್ತದೆ?

ಮೊದಲು ಸ್ಕ್ಯಾನ್. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಅದಕ್ಕೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೆಳದವಡೆಯೊಳಗೆ ಒಂದು ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ, ಗಲ್ಲ ಜೋಮು ಹಿಡಿಯಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಬೇರಿನ ಮೇಲೆಯೇ ಸೈನಸ್ ಅನ್ನುವ ಗಾಳಿಗೂಡು ಇದೆ. ಸ್ಕ್ರೂ ಎಷ್ಟು ಆಳ ಹೋಗಬಹುದು ಅನ್ನುವುದನ್ನು ಇವೆರಡರ ದೂರ ನೋಡಿಯೇ ತೀರ್ಮಾನಿಸುತ್ತಾರೆ.

ಒಂದು ಹಲ್ಲಿಗಾದರೆ ಆ ಜಾಗ ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಸಾಕು. ಒಸಡನ್ನು ಬಿಡಿಸಿ, ತೆಳು ಡ್ರಿಲ್‌ನಿಂದ ಶುರು ಮಾಡಿ, ಒಂದಾದ ಮೇಲೊಂದು ದಪ್ಪ ಡ್ರಿಲ್ ಹಾಕಿ ತೂತನ್ನು ಹಿಗ್ಗಿಸುತ್ತಾರೆ. ಒಂದೇ ಸಲ ದಪ್ಪ ಡ್ರಿಲ್ ಯಾಕೆ ಹಾಕುವುದಿಲ್ಲ? ಬಿಸಿ. ಮೂಳೆ ಜೀವಂತ ವಸ್ತು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೂ ಅಲ್ಲಿನ ಮೂಳೆಗೆ ಹಾನಿಯಾಗುತ್ತದೆ. ಸತ್ತ ಮೂಳೆ ಸ್ಕ್ರೂವನ್ನು ಹಿಡಿಯುವುದಿಲ್ಲ. ಅದಕ್ಕೇ ಇಡೀ ಹೊತ್ತು ತಣ್ಣನೆ ಸಲೈನ್ ಹರಿಸುತ್ತಾ, ನಡುನಡುವೆ ಬಿಡುವು ಕೊಟ್ಟು ಕೊರೆಯುತ್ತಾರೆ.

ನನಗೆ ನೋವಾಗಲಿಲ್ಲ. ಆದರೆ ತಲೆಬುರುಡೆಯೆಲ್ಲ ಗುಂಯ್‌ಗುಡುವ ಒಂದು ಕಂಪನ, ದವಡೆಯ ಮೇಲೆ ಯಾರೋ ಅಂಗೈ ಊರಿದಂಥ ಒತ್ತಡ ಗೊತ್ತಾಗುತ್ತಿತ್ತು. ಕೊನೆಗೆ ಪುಟ್ಟ ಸ್ಪ್ಯಾನರ್‌ನಲ್ಲಿ ಸ್ಕ್ರೂ ತಿರುಗಿಸಿದರು. ಅದರಲ್ಲಿ ಎಷ್ಟು ಬಿಗಿಯಾಯಿತು ಅನ್ನುವ ಅಂಕಿ ಇರುತ್ತದೆ. "35" ಅಂತ ಡಾಕ್ಟರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ನ್ಯೂಟನ್ ಸೆಂಟಿಮೀಟರ್ ಲೆಕ್ಕದಲ್ಲಿ ಅದು ಒಳ್ಳೆಯ ಬಿಗಿ. ತೀರಾ ಸಡಿಲವಾದರೂ ಕಷ್ಟ, ತೀರಾ ಬಿಗಿ ಮಾಡಿದರೂ ಸುತ್ತಲಿನ ಮೂಳೆ ನಲುಗುತ್ತದೆ. ಆಮೇಲೆ ಒಸಡಿಗೆ ಹೊಲಿಗೆ. ಎರಡು ಮೂರು ದಿನ ಊತ ಇತ್ತು, ಅಷ್ಟೇ.

ಆಮೇಲೆ ಯಾಕಿಷ್ಟು ಕಾಯಬೇಕು?

ಜನ ಜಾಸ್ತಿ ಬೇಸರಪಡುವುದು ಇಲ್ಲೇ. ಸ್ಕ್ರೂ ಹಾಕಿ ಆಯಿತು, ಬಿಗಿಯಾಗಿ ನಿಂತಿದೆ, ಮತ್ತೆ ಹಲ್ಲು ಕೂರಿಸಲು ತಿಂಗಳುಗಟ್ಟಲೆ ಯಾಕೆ?

ಮೊದಲ ದಿನದ ಬಿಗಿ ಗೋಡೆಗೆ ಹೊಡೆದ ಮೊಳೆಯ ಬಿಗಿ. ಬರೀ ಒತ್ತಿಕೊಂಡು ನಿಂತಿರುತ್ತದೆ. ಮೂಳೆ ಇನ್ನೂ ಬೆಸೆದಿರುವುದಿಲ್ಲ. ಬೆಸೆಯುವ ಮೊದಲು ದೇಹ ಒಂದು ಕೆಲಸ ಮಾಡುತ್ತದೆ. ಕೊರೆಯುವಾಗ ನಲುಗಿದ ಮೂಳೆಯನ್ನು ತೆಗೆದುಹಾಕುತ್ತದೆ. ಹಳೆ ಗಾರೆ ಕೆರೆದು ಹೊಸ ಗಾರೆ ಹಾಕಿದ ಹಾಗೆ. ಹಾಗಾಗಿ ಮೂರು ನಾಲ್ಕನೇ ವಾರದ ಹೊತ್ತಿಗೆ ಮೊದಲ ದಿನದ ಬಿಗಿ ಇಳಿದಿರುತ್ತದೆ, ಹೊಸ ಬೆಸುಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಇಂಪ್ಲಾಂಟ್‌ನ ನಾಜೂಕಿನ ಕಾಲ ಅದೇ. ನಮಗೋ ಆ ಹೊತ್ತಿಗೆ ಊತ ಇಳಿದು, ಹೊಲಿಗೆ ಬಿಚ್ಚಿ, ಎಲ್ಲ ಸರಿಯಾಯಿತು ಅನ್ನಿಸಿರುತ್ತದೆ. ಗಟ್ಟಿಯಾದದ್ದನ್ನು ಆ ಬದಿಯಲ್ಲಿ ಅಗಿದು ನೋಡುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ.

ಈ ಕಾಲದಲ್ಲಿ ಸ್ಕ್ರೂ ಒಂದೆರಡು ಕೂದಲಿನ ದಪ್ಪಕ್ಕಿಂತ ಹೆಚ್ಚು ಅಲುಗಾಡುತ್ತಿದ್ದರೆ ಮೂಳೆ ಅಲ್ಲಿ ಕಟ್ಟಿಕೊಳ್ಳುವುದಿಲ್ಲ. ಆ ಹಳೆಯ ನಾರಿನ ಚೀಲವೇ ಕಟ್ಟಿಕೊಳ್ಳುತ್ತದೆ. ಅದು ಒಮ್ಮೆ ಆದರೆ ಇಂಪ್ಲಾಂಟ್ ತೆಗೆಯಬೇಕಾಗುತ್ತದೆ. ಕೆಳದವಡೆಯ ಮೂಳೆ ಗಟ್ಟಿ, ಅಲ್ಲಿ ಸುಮಾರು ಮೂರು ತಿಂಗಳು ಬಿಡುವುದು ರೂಢಿ. ಮೇಲ್ದವಡೆಯ ಮೂಳೆ ಸ್ವಲ್ಪ ಜಾಳು, ಅಲ್ಲಿ ನಾಲ್ಕರಿಂದ ಆರು ತಿಂಗಳು. ಈಗಿನ ಒರಟು ಮೇಲ್ಮೈಯ ಸ್ಕ್ರೂಗಳಿಂದ ಈ ಅವಧಿ ಕೆಲವರಿಗೆ ಕಡಿಮೆಯಾಗಿದೆ.

ಹಾಗಾದರೆ ಒಂದೇ ದಿನದಲ್ಲಿ ಹಲ್ಲು ಅನ್ನುವುದು ಸುಳ್ಳೇ? ಸುಳ್ಳಲ್ಲ. ಮೊದಲ ದಿನದ ಬಿಗಿ ಚೆನ್ನಾಗಿದ್ದರೆ ತಾತ್ಕಾಲಿಕ ಹಲ್ಲು ಅಂದೇ ಕೂರಿಸಬಹುದು. ಇಡೀ ದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿ, ಹಿಂದಿನ ಎರಡನ್ನು ಓರೆಯಾಗಿ ನಿಲ್ಲಿಸಿ, ಎಲ್ಲವನ್ನೂ ಒಂದೇ ಸೇತುವೆಯಿಂದ ಕಟ್ಟುವ ವಿಧಾನವೂ ಇದೆ. ಒಂದಕ್ಕೊಂದು ಕಟ್ಟಿದ್ದರಿಂದ ಯಾವುದೂ ಒಂಟಿಯಾಗಿ ಅಲುಗುವುದಿಲ್ಲ. ಆದರೆ ಆ ದಿನ ಕೂರಿಸುವುದು ಹಲ್ಲನ್ನು. ಮೂಳೆಯ ಬೆಸುಗೆಗೆ ಬೇಕಾದ ತಿಂಗಳುಗಳು ಅವರಿಗೂ ಬೇಕೇ ಬೇಕು. ಅಲ್ಲಿಯವರೆಗೆ ಮೆತ್ತನೆಯ ಊಟ.

ಮೂಳೆ ಸಾಲದಿದ್ದರೆ

ನನ್ನ ಹಾಗೆ ತಡ ಮಾಡಿದವರಿಗೆ ಬರುವ ಮಾತು ಇದು. ಮೂಳೆ ತೆಳುವಾಗಿದ್ದರೆ ಅಲ್ಲಿ ಮೂಳೆ ಕಸಿ ಮಾಡುತ್ತಾರೆ. ನಮ್ಮದೇ ದವಡೆಯ ಬೇರೆ ಕಡೆಯ ಮೂಳೆ, ದಾನಿಗಳ ಅಥವಾ ಪ್ರಾಣಿಗಳ ಮೂಳೆಯನ್ನು ಸಂಸ್ಕರಿಸಿ ಮಾಡಿದ ಪುಡಿ, ಅಥವಾ ಪೂರ್ತಿ ಕೃತಕ ಪುಡಿ ಬಳಸುತ್ತಾರೆ. ಈ ಪುಡಿ ಹೊಸ ಮೂಳೆ ಬೆಳೆಯಲು ಹಂದರದ ಹಾಗೆ ಆಸರೆ ಕೊಡುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಾದರೆ ಸೈನಸ್‌ನ ಒಳಪೊರೆಯನ್ನು ಮೆಲ್ಲಗೆ ಮೇಲೆತ್ತಿ ಕೆಳಗೆ ಪುಡಿ ತುಂಬುತ್ತಾರೆ. ಸಣ್ಣ ಕಸಿಯಾದರೆ ಇಂಪ್ಲಾಂಟ್ ಹಾಕುವಾಗಲೇ ಮುಗಿಯುತ್ತದೆ. ದೊಡ್ಡದಾದರೆ ಮತ್ತೆ ಕೆಲವು ತಿಂಗಳು ಕಾಯಬೇಕು.

ಹಲ್ಲು ಕೀಳಿಸುವ ಮೊದಲೇ "ಮುಂದೆ ಇಲ್ಲಿ ಇಂಪ್ಲಾಂಟ್ ಹಾಕಿಸಬಹುದಾ?" ಅಂತ ಕೇಳಿಬಿಡುವುದು ಒಳ್ಳೆಯದು. ಕಿತ್ತ ದಿನವೇ ಗುಳಿಗೆ ಪುಡಿ ತುಂಬಿ ಮೂಳೆಯ ಸವೆತ ಕಡಿಮೆ ಮಾಡುವ ದಾರಿ ಇದೆ. ನನಗೆ ಯಾರೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಬ್ರಿಡ್ಜ್, ಸೆಟ್ಟು, ಇಂಪ್ಲಾಂಟ್

ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಅವುಗಳ ಮೇಲೆ ಮೂರು ಕ್ಯಾಪ್‌ಗಳ ಸಾಲು ಕೂರಿಸುವುದು. ಕೆಲಸ ಬೇಗ ಮುಗಿಯುತ್ತದೆ. ಆ ಎರಡು ಹಲ್ಲಿಗೆ ಮೊದಲೇ ಕ್ಯಾಪ್ ಬೇಕಾಗಿದ್ದರೆ ಇದೇ ಸರಿಯಾದ ಆಯ್ಕೆ ಆಗಬಹುದು. ಅವು ಗಟ್ಟಿಮುಟ್ಟಾಗಿದ್ದರೆ ಮಾತ್ರ ಒಳ್ಳೆಯ ಹಲ್ಲನ್ನು ಉಜ್ಜಬೇಕಲ್ಲ ಅಂತ ಯೋಚನೆಯಾಗುತ್ತದೆ. ನಡುವೆ ಖಾಲಿ ಇರುವ ಮೂಳೆಗೂ ಕೆಲಸ ಸಿಗುವುದಿಲ್ಲ.

ಹಾಕಿ ತೆಗೆಯುವ ಸೆಟ್ಟಿಗೆ ಶಸ್ತ್ರಚಿಕಿತ್ಸೆ ಬೇಡ. ಆದರೆ ಅದು ಒಸಡಿನ ಮೇಲೆ ಕೂರುತ್ತದೆ, ಕೆಳಗಿನ ಮೂಳೆ ಸವೆದ ಹಾಗೆ ಸಡಿಲವಾಗುತ್ತದೆ. ಕೆಳಗಿನ ಪೂರ್ತಿ ಸೆಟ್ಟು ಹಾಕಿದವರ ಕಷ್ಟ ದೊಡ್ಡದು, ನಾಲಿಗೆ ಆಡಿದರೆ ಸೆಟ್ಟೂ ಆಡುತ್ತದೆ. ಅಂಥವರಿಗೆ ಮುಂಭಾಗದಲ್ಲಿ ಬರೀ ಎರಡು ಇಂಪ್ಲಾಂಟ್ ಹಾಕಿ, ಅದೇ ಥರದ ಸೆಟ್ಟನ್ನು ಶರ್ಟಿನ ಪ್ರೆಸ್ ಬಟನ್ನಿನ ಹಾಗೆ ಸಿಕ್ಕಿಸಬಹುದು. ಇಂಪ್ಲಾಂಟ್ ಅಂದರೆ ಹಲ್ಲಿಗೊಂದರಂತೆ ಹದಿನಾಲ್ಕು ಹಾಕಿಸಬೇಕು ಅಂತ ಹೆದರಿದ ಎಷ್ಟೋ ಹಿರಿಯರಿಗೆ ಈ ದಾರಿ ಇರುವುದೇ ಗೊತ್ತಿಲ್ಲ.

ಯಾರು ಮೊದಲೇ ಹೇಳಿಬಿಡಬೇಕು

ವಯಸ್ಸು ಜಾಸ್ತಿ ಆಯಿತು ಅನ್ನುವುದೇ ಅಡ್ಡಿ ಅಲ್ಲ. ವಯಸ್ಸು ಕಡಿಮೆ ಇದ್ದರೆ ಅಡ್ಡಿ. ಇಂಪ್ಲಾಂಟ್ ಮೂಳೆಗೆ ಬೆಸೆದು ಅಲ್ಲೇ ನಿಲ್ಲುತ್ತದೆ. ಬೆಳೆಯುವ ಮಕ್ಕಳಲ್ಲಿ ಪಕ್ಕದ ಹಲ್ಲುಗಳು ದವಡೆಯ ಜೊತೆ ಮುಂದೆ ಹೋಗುತ್ತವೆ, ಇದು ಮಾತ್ರ ಹಿಂದೆ ಉಳಿಯುತ್ತದೆ. ಅದಕ್ಕೇ ದವಡೆಯ ಬೆಳವಣಿಗೆ ಮುಗಿಯುವವರೆಗೆ ಕಾಯುತ್ತಾರೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ತಡ, ಸೋಂಕಿನ ಭಯ ಹೆಚ್ಚು. ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು. ಹೊಗೆಯಿಂದ ಒಸಡಿಗೆ, ಮೂಳೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಕಟ್ಟುವ ಕೆಲಸ ನಿಧಾನವಾಗುತ್ತದೆ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಕೊಡುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ ತೆಗೆದುಕೊಂಡವರು, ದವಡೆಗೆ ರೇಡಿಯೇಷನ್ ಆದವರು ಅದನ್ನು ಮರೆಯದೆ ಹೇಳಬೇಕು. ಇವೆರಡರಲ್ಲೂ ದವಡೆಯ ಮೂಳೆ ಗಾಯವಾದರೆ ಮಾಯದೇ ಇರುವ ಅಪಾಯ ಇದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಸ್ವಂತ ತೀರ್ಮಾನದಿಂದ ಅದನ್ನು ನಿಲ್ಲಿಸಬಾರದು. ಇನ್ನು ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರು ಅದನ್ನೂ ಹೇಳಬೇಕು. ಹಲ್ಲಿನ ಕವಚ ಹಾಕಿಕೊಂಡು ಮಲಗಬೇಕಾಗಬಹುದು.

ಹಾಕಿಸಿಕೊಂಡ ಮೇಲೆ

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ. ರೂಟ್ ಕೆನಾಲ್ ಬೇಕಾಗುವುದಿಲ್ಲ, ಅದರೊಳಗೆ ನರ ಇಲ್ಲ. ಹತ್ತು ವರ್ಷದ ನಂತರ ನೋಡಿದರೂ 100ರಲ್ಲಿ 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಬಾಯಲ್ಲೇ ಇರುತ್ತವೆ. ಇದನ್ನೆಲ್ಲ ಕೇಳಿ ಇನ್ನು ಚಿಂತೆ ಇಲ್ಲ ಅಂದುಕೊಂಡರೆ ತಪ್ಪಾಗುತ್ತದೆ.

ಸಹಜ ಹಲ್ಲಿನಲ್ಲಿ ಒಸಡಿನ ನಾರುಗಳು ಬೇರಿಗೆ ಅಡ್ಡಲಾಗಿ ಹೊಕ್ಕು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಕೀಟಾಣುಗಳನ್ನು ತಡೆಯುತ್ತವೆ. ಇಂಪ್ಲಾಂಟ್‌ನ ಸುತ್ತ ಅವು ಲೋಹದೊಳಗೆ ಹೊಗುವುದಿಲ್ಲ, ಪಕ್ಕದಲ್ಲಿ ಉದ್ದಕ್ಕೆ ಹಾಯುತ್ತವೆ. ಬಾಗಿಲು ಮುಚ್ಚಿದೆ, ಅಗುಳಿ ಇಲ್ಲ. ಬುಡದಲ್ಲಿ ಪಾಚಿ ಕಟ್ಟಿದರೆ ಮೊದಲು ಒಸಡು ಕೆಂಪಾಗಿ ಊದುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. ಬಿಟ್ಟರೆ ಸೋಂಕು ಕೆಳಗಿಳಿದು ಮೂಳೆಯನ್ನೇ ತಿನ್ನತೊಡಗುತ್ತದೆ. ಇದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಅನ್ನುತ್ತಾರೆ. ಹೋದ ಮೂಳೆ ವಾಪಸ್ ತರುವುದು ಬಹಳ ಕಷ್ಟ. ಇನ್ನೂ ದೊಡ್ಡ ತೊಂದರೆ ಅಂದರೆ ಬಹಳ ಸಲ ಇದು ನೋಯುವುದೇ ಇಲ್ಲ. ಬ್ರಶ್ ಮಾಡುವಾಗ ಬರುವ ರಕ್ತವೇ ಸುಳಿವು. ಬ್ರಶ್ ಜೊತೆ ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಶ್ ಅಥವಾ ಫ್ಲಾಸ್ ದಿನಾ ಬೇಕು.

ಅಗಿಯುವಾಗಿನ ಅನುಭವವೂ ಸ್ವಲ್ಪ ಬೇರೆ. ತೊಟ್ಟಿಲ ಹಗ್ಗಗಳಂಥ ಆ ನಾರಿನ ಪದರ ಇಂಪ್ಲಾಂಟ್‌ಗೆ ಇಲ್ಲ. ಸಹಜ ಹಲ್ಲು ಬಾಯಿಗೆ ಒಂದು ಕೂದಲು ಬಂದರೂ ಹೇಳಿಬಿಡುತ್ತದೆ. ಇಂಪ್ಲಾಂಟ್‌ಗೆ ಆ ಸೂಕ್ಷ್ಮ ಇಲ್ಲ, ಒತ್ತಡ ಜಾಸ್ತಿಯಾದರೂ ಬೇಗ ಗೊತ್ತಾಗುವುದಿಲ್ಲ. ಹಾಗಾಗಿ ಅದರ ಕ್ಯಾಪ್ ಎದುರಿನ ಹಲ್ಲಿಗೆ ಚೂರು ಹಗುರವಾಗಿ ತಾಗುವಂತೆ ಕೂರಿಸುತ್ತಾರೆ. ಬಣ್ಣದ ಕಾಗದ ಕಚ್ಚಿಸಿ ಮತ್ತೆ ಮತ್ತೆ ಉಜ್ಜುವುದು ಅದಕ್ಕೇ.

ಕೆಲಸ ಮುಗಿದ ದಿನ ಎರಡು ವಸ್ತು ಕೇಳಿ ಇಸ್ಕೊಳ್ಳಿ. ಒಂದು, ಅಂದಿನ ಎಕ್ಸ್‌ರೇ. ಮುಂದೆ ಮೂಳೆ ಇಳಿದಿದೆಯೇ ಅಂತ ನೋಡಲು ಹೋಲಿಸುವುದು ಅದರ ಜೊತೆಗೇ. ಇನ್ನೊಂದು, ಇಂಪ್ಲಾಂಟ್‌ನ ಕಂಪನಿ, ಮಾದರಿ, ಉದ್ದ, ದಪ್ಪ, ಬ್ಯಾಚ್ ನಂಬರ್ ಬರೆದ ಚೀಟಿ. ಪ್ಯಾಕೆಟ್ಟಿನಲ್ಲೇ ಸ್ಟಿಕ್ಕರ್ ಬಂದಿರುತ್ತದೆ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಒಳಗಿನ ಸ್ಕ್ರೂ ಸಡಿಲವಾಗಿ ಕ್ಯಾಪ್ ಅಲ್ಲಾಡಿದರೆ, ಅಲ್ಲಿನ ಡಾಕ್ಟರಿಗೆ ಯಾವ ಅಳತೆಯ ಸ್ಪ್ಯಾನರ್ ಹಿಡಿಯುತ್ತದೆ ಅಂತ ಗೊತ್ತಾಗುವುದು ಆ ಚೀಟಿಯಿಂದಲೇ. ನಾನು ಎರಡರ ಫೋಟೋ ತೆಗೆದು ಫೋನಿನಲ್ಲೂ ಇಟ್ಟುಕೊಂಡಿದ್ದೇನೆ.